ಹಸಿರು ಕಾಯಿಯ ಬೀಜ

ದಿನಾ ಬೆಳಿಗ್ಗೆ ಗಾಜಿನ ಮನೆಯ ಬಾಗಿಲು ಸರಿಸಿ ಒಳಗೆ ಕಾಲಿಟ್ಟ ಕೂಡಲೇ ಪ್ರಫುಲ್ಲಾಳ ಕನ್ನಡಕಕ್ಕೆ ಮಂಜು ಕವಿಯುತ್ತಿತ್ತು. ಅಕ್ಟೋಬರ್ ತಿಂಗಳ ಮೊದಲ ಸೋಮವಾರ ಕವಿಯಲಿಲ್ಲ. ಹೊರಗಿನ ಚಳಿಯೇ ಒಳಗೂ ಇತ್ತು. ಅವಳು ಬಗ್ಗಿ, ಗಿಡಗಳ ಸಾಲಿನುದ್ದಕ್ಕೂ ಹಾದುಹೋದ ಬಿಸಿನೀರಿನ ಕೊಳವೆಯನ್ನು ಮುಟ್ಟಿ ನೋಡಿದಳು. ತಣ್ಣಗೆ ಕೊರೆಯುತ್ತಿತ್ತು. ಮೇಲೆ ಮೆಣಸಿನ ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಅರ್ಧಕ್ಕರ್ಧ ಕಾಯಿ ಇನ್ನೂ ಹಸಿರು.

ನರ್ಸರಿಯ ಯಜಮಾನ ಯೋರಾನ್ ಕಾಫಿ ಮಗ್ ಹಿಡಿದು ಬಂದ. ಅರವತ್ತರ ಆಸುಪಾಸಿನ ಮನುಷ್ಯ, ಅಪ್ಪನ ಕಾಲದಿಂದ ಬಂದ ನರ್ಸರಿ.

"ಬಾಯ್ಲರ್ ಕೆಟ್ಟಿದೆಯಾ?" ಎಂದು ಕೇಳಿದಳು ಪ್ರಫುಲ್ಲಾ.

"ಇಲ್ಲ, ನಾನೇ ಆರಿಸಿದೆ. ಬೇಸಿಗೆಯೆಲ್ಲಾ ಮೋಡದಲ್ಲೇ ಕಳೆಯಿತು. ಇನ್ನು ಕಾದು ಪ್ರಯೋಜನವಿಲ್ಲ. ಇವತ್ತು, ನಾಳೆ ಎಲ್ಲ ಕೊಯ್ದುಬಿಡಿ. ನಾನು ನಾಳೆ ಸ್ಟಾಕ್‌ಹೋಮಿಗೆ ಹೋಗಿ ಗುರುವಾರ ಬರುತ್ತೇನೆ. ಅಷ್ಟರಲ್ಲಿ ಬೀಜ ತೆಗೆದು ಒಣಗಲು ಹಾಕಿರಬೇಕು."

"ಹಸಿರು ಕಾಯಿಯದ್ದೂ?"

"ಎಲ್ಲದರದ್ದೂ. ಬೀಜ ಅಂದರೆ ಬೀಜ."

ಶೋವ್ಡೆ ಊರಿನ ಅಂಚಿನಲ್ಲಿದ್ದ ಆ ನರ್ಸರಿಗೆ ಚಳಿಗಾಲದಲ್ಲಿ ಮೆಣಸಿನ ಬೀಜದ ಪೊಟ್ಟಣಗಳೇ ಮುಖ್ಯ ವ್ಯಾಪಾರ. ಸ್ವೀಡನ್ನಿನ ಜನ ಜನವರಿಯಲ್ಲೇ ಕಿಟಕಿಯ ಪಕ್ಕ ಪುಟ್ಟ ಕುಂಡವಿಟ್ಟು ಮೆಣಸಿನ ಬೀಜ ಬಿತ್ತುತ್ತಾರೆ. ಹೊರಗೆ ಮೊಣಕಾಲುದ್ದ ಹಿಮವಿರುವಾಗ ಒಳಗೆ ಎರಡೆಲೆ ಚಿಗುರುವುದನ್ನು ನೋಡುವ ಆಸೆ ಅವರಿಗೆ. ಪೊಟ್ಟಣಗಳು ಆಗಲೇ ಅಚ್ಚಾಗಿ ಬಂದು ರಟ್ಟಿನ ಪೆಟ್ಟಿಗೆಗಳಲ್ಲಿ ಕೂತಿದ್ದವು. ಒಂದೊಂದರ ಬೆನ್ನ ಮೇಲೂ ದಪ್ಪಕ್ಷರದಲ್ಲಿ ಬರೆದಿತ್ತು: ನೂರಕ್ಕೆ ಎಂಬತ್ತೈದು ಮೊಳೆಯುತ್ತವೆ.

ಪ್ರಫುಲ್ಲಾ ಆ ಸಾಲು ಕಂಡಾಗಲೆಲ್ಲ ಪೊಟ್ಟಣವನ್ನು ಬೆನ್ನು ಕೆಳಗಾಗಿ ತಿರುಗಿಸಿಡುತ್ತಿದ್ದಳು. ಅದಕ್ಕೆ ಕಾರಣವಿತ್ತು.

ಅವಳು ರಾಣೆಬೆನ್ನೂರಿನವಳು. ಅಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಹೆಂಗಸರು ಬೆಳಗಾಗುತ್ತಲೇ ಹೊಲಕ್ಕಿಳಿದು, ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದಕ್ಕೆ ಒರೆಸಿ, ಗುರುತಿಗೆ ದಾರ ಕಟ್ಟಿ ಬಿತ್ತನೆ ಬೀಜ ಮಾಡುತ್ತಾರೆ. ಕೃಷಿ ಪದವಿ ಮುಗಿಸಿದ ಪ್ರಫುಲ್ಲಾ ಅಲ್ಲಿಯ ಒಂದು ಬೀಜದ ಕಂಪನಿಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಮೊಳಕೆ ಪರೀಕ್ಷೆ ಮಾಡಿದ್ದಳು. ಸೇರಿದ ಎರಡನೇ ವರ್ಷ ಮೆಣಸಿನ ಬೀಜದ ಒಂದು ರಾಶಿ ಬಂತು. ಲಾರಿ ಬಾಗಿಲಲ್ಲಿ ನಿಂತಿದೆಯೆಂದು ಅವಸರಕ್ಕೆ ಹಸಿರು ಕಾಯನ್ನೇ ಬಿಡಿಸಿ ತಂದ ಬೀಜ. ನೂರಕ್ಕೆ ಐವತ್ತೆರಡು ಮೊಳೆಯಿತು. ಮ್ಯಾನೇಜರು ಎಂಬತ್ತು ಅಂತ ಬರಿ ಅಂದ. ಅವಳಿಗಾಗ ಇಪ್ಪತ್ನಾಲ್ಕು ವರ್ಷ. ಬರೆದಳು, ಸಹಿ ಹಾಕಿದಳು. ತಿಂಗಳೊಳಗೆ ಒಬ್ಬ ಮುದುಕಿ ಪೊಟ್ಟಣದ ಚೀಟಿ ಹಿಡಿದುಕೊಂಡು ಹುಡುಕಿಕೊಂಡು ಬಂದಳು. "ಈ ಸೈ ನಿಂದ ಏನವ್ವಾ? ಹಂಗಾರ ಬಾ, ಸಸಿಮಡಿ ನೋಡು ಬಾ," ಎಂದು ಕರೆದುಕೊಂಡು ಹೋದಳು. ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಸಸಿ. ಎದ್ದವೂ ತಲೆಯ ಮೇಲಿನ ಬೀಜದ ಸಿಪ್ಪೆ ಕಳಚಿಕೊಳ್ಳಲಾಗದೆ ಕುತ್ತಿಗೆ ಬಾಗಿಸಿ ನಿಂತಿದ್ದವು. ಮುದುಕಿ ಒಂದು ಮಾತು ಬೈಯಲಿಲ್ಲ. ಬಿಸಿಲಲ್ಲಿ ಬಂದೆಯಲ್ಲ ಎಂದು ರೊಟ್ಟಿ ತಿನ್ನಿಸಿ ಕಳಿಸಿದಳು. ಬೈದಿದ್ದರೆ ಎಂದೋ ಮರೆತುಹೋಗುತ್ತಿತ್ತು. ಆ ರೊಟ್ಟಿ ಇಪ್ಪತ್ತೆರಡು ವರ್ಷವಾದರೂ ಪ್ರಫುಲ್ಲಾಗೆ ಜೀರ್ಣವಾಗಿರಲಿಲ್ಲ.

ಗಂಡ ವೆಂಕಟೇಶ ಬೆಂಗಳೂರಿನವನು. ಶೋವ್ಡೆಯಲ್ಲಿ ಕಾರಿನ ಎಂಜಿನ್ ಮಾಡುವ ಕಾರ್ಖಾನೆಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಬಂದು ಐದು ವರ್ಷ. ಪ್ರಫುಲ್ಲಾ ಮೂರು ವರ್ಷ ಸ್ವೀಡಿಷ್ ಕಲಿತು, ಹತ್ತಾರು ಕಡೆ ಅರ್ಜಿ ಹಾಕಿ, ಕೊನೆಗೆ ಈ ನರ್ಸರಿಯಲ್ಲಿ ಸೇರಿಕೊಂಡಿದ್ದಳು. ಆರು ತಿಂಗಳ ಪರೀಕ್ಷಾವಧಿಯ ಕೆಲಸ. ಅದರಲ್ಲಿ ಐದು ಮುಗಿದಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಖಾಯಂ. ಅಷ್ಟರೊಳಗೆ ಯಜಮಾನನಿಗೆ ಬೇಡವೆನಿಸಿದರೆ ಎರಡು ವಾರದ ನೋಟಿಸು ಕೊಟ್ಟು ಕಳಿಸಬಹುದು.

ಮಂಗಳವಾರ ಯೋರಾನ್ ರೈಲು ಹತ್ತಿದ ಮೇಲೆ ಪ್ರಫುಲ್ಲಾ ಮತ್ತು ಗುನ್ನೆಲ್ ಕೊಯ್ಲು ಮುಗಿಸಿದರು. ಗುನ್ನೆಲ್ ಮೂವತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಹೆಂಗಸು, ನಿವೃತ್ತಿಗೆ ಒಂದು ವರ್ಷ ಬಾಕಿ. ಮಾತು ಕಡಿಮೆ.

ಮೂರು ಜಾತಿಯ ಮೆಣಸು ಇತ್ತು. ಅವುಗಳ ಉದ್ದುದ್ದ ಹೆಸರು ಪ್ರಫುಲ್ಲಾಳ ನಾಲಿಗೆಗೆ ಹತ್ತುತ್ತಿರಲಿಲ್ಲವಾದ್ದರಿಂದ ತನ್ನದೇ ಹೆಸರಿಟ್ಟುಕೊಂಡಿದ್ದಳು. ಸಣ್ಣಗೆ ಉದ್ದಕ್ಕಿರುವುದು ಕಡ್ಡಿ. ದಪ್ಪಗೆ ಗುಂಡಗಿರುವುದು ಡಬ್ಬಿ. ಸುಕ್ಕುಸುಕ್ಕಾಗಿ ತೂಗುವ, ಬೆಂಕಿಯಂಥ ಖಾರದ್ದು ಲಾಟೀನು.

ಅವಳು ಕಾಯಿಗಳನ್ನು ಬೀಜ ತೆಗೆಯುವ ಮೇಜಿಗೆ ಹಾಕದೆ ವಿಂಗಡಿಸತೊಡಗಿದಳು. ಕೆಂಪಾದದ್ದು ಒಂದು ಕಡೆ, ಬಣ್ಣ ತಿರುಗುತ್ತಿದ್ದದ್ದು ಒಂದು ಕಡೆ, ಹಸಿರು ಇನ್ನೊಂದು ಕಡೆ.

"ಏನು ಮಾಡ್ತಿದ್ದೀ?" ಎಂದಳು ಗುನ್ನೆಲ್.

ಪ್ರಫುಲ್ಲಾ ಒಂದು ಕೆಂಪು ಹಣ್ಣನ್ನೂ ಒಂದು ಹಸಿರು ಕಾಯನ್ನೂ ಸೀಳಿ ಪಕ್ಕಪಕ್ಕ ಇಟ್ಟಳು. "ಉಗುರಿನಿಂದ ಒತ್ತಿ ನೋಡು."

ಕೆಂಪಿನ ಬೀಜ ಹಳದಿಗೆ ತಿರುಗಿ ಗಟ್ಟಿಯಾಗಿತ್ತು, ಉಗುರಿಗೆ ಜಗ್ಗಲಿಲ್ಲ. ಹಸಿರಿನದು ಬೆಳ್ಳಗಿತ್ತು, ಒತ್ತಿದ್ದೇ ತಡ, ಪಿಚಕ್ಕೆಂದು ಹಾಲಿನಂಥ ನೀರು ಬಂತು.

"ಇದರೊಳಗೆ ಗಿಡ ಇನ್ನೂ ಆಗೇ ಇಲ್ಲ," ಎಂದಳು ಪ್ರಫುಲ್ಲಾ. "ಆದರೆ ಕೊಯ್ದ ಮೇಲೂ ಕಾಯಿ ತನ್ನೊಳಗಿನ ಬೀಜಕ್ಕೆ ಉಣ್ಣಿಸ್ತಾ ಇರುತ್ತೆ. ಬಲಿತ ಕಾಯನ್ನ ಹಾಗೇ ಇಡಿಯಾಗಿ ಎರಡು ವಾರ ಬೆಚ್ಚಗಿಟ್ಟರೆ ಹಣ್ಣಾಗುತ್ತೆ, ಬೀಜವೂ ಗಟ್ಟಿಯಾಗುತ್ತೆ. ಕಡ್ಡಿ ಬೇಗ ತಿರುಗುತ್ತೆ. ಲಾಟೀನು ಸೋಮಾರಿ, ಅದಕ್ಕೆ ಇನ್ನೂ ಹೊತ್ತು ಬೇಕು."

"ಯೋರಾನ್ ಬೈತಾನೆ."

"ಬೈಯಲಿ."

ಕೆಂಪು ಹಣ್ಣಿನ ಬೀಜ ಮಾತ್ರ ತೆಗೆದು ಒಣಗಲು ಹಾಕಿದಳು. ಮಿಕ್ಕ ಕಾಯಿಗಳನ್ನು ಕ್ರೇಟುಗಳಿಗೆ ತುಂಬಿ, ಕುಂಡ ತುಂಬುವ ಬೆಚ್ಚಗಿನ ಕೋಣೆಯಲ್ಲಿ ಜೋಡಿಸಿದಳು. ಕದ್ದುಮುಚ್ಚಿ ಮಾಡುವ ಮನಸ್ಸಿರಲಿಲ್ಲ. ಒಂದೊಂದರ ಮೇಲೂ ಸ್ವೀಡಿಷ್‌ನಲ್ಲಿ ಚೀಟಿ ಅಂಟಿಸಿದಳು: ಬೀಜ ಇನ್ನೂ ತಯಾರಿಲ್ಲ, ತೆಗೆಯಬೇಡಿ. ಫೋಟೊ ತೆಗೆದು ಯೋರಾನನಿಗೇ ಕಳಿಸಿದಳು.

ಗುರುವಾರ ಬೆಳಿಗ್ಗೆ ಅವನು ಕೋಟು ಬಿಚ್ಚದೆ ನೇರ ಆ ಕೋಣೆಗೆ ಬಂದ.

"ನಾನು ಹೇಳಿದ್ದು ನಿನಗೆ ಅರ್ಥವಾಗಲಿಲ್ಲವೋ? ಭಾಷೆಯ ತೊಂದರೆಯೋ?"

ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಐದು ತಿಂಗಳಾದರೂ ಯಜಮಾನನನ್ನು ಹಾಗೆನ್ನಲು ಪ್ರಫುಲ್ಲಾಗೆ ನಾಲಿಗೆ ಏಳುತ್ತಿರಲಿಲ್ಲ. ಏನಾದರೂ ಸುತ್ತುಬಳಸಿ ಮಾತಾಡುತ್ತಿದ್ದಳು. ಅವತ್ತು ಸಲೀಸಾಗಿ ಎದ್ದಿತು.

"ನೀನು ಹೇಳಿದ್ದು ಚೆನ್ನಾಗಿ ಅರ್ಥವಾಯಿತು. ನೀನು ಹೇಳಿದ್ದು ತಪ್ಪು."

"ಹೋದ ವರ್ಷವೂ ಹೀಗೇ ಮಾಡಿದ್ದೆವು."

"ಹೋದ ವರ್ಷ ಬಿಸಿಲಿತ್ತು, ಕಾಯಿ ಗಿಡದಲ್ಲೇ ಕೆಂಪಾಗಿತ್ತು. ಗುನ್ನೆಲ್ ಹೇಳಿದಳು. ಈ ವರ್ಷ ಈ ಹಸಿರು ಬೀಜಾನ ಎಂಬತ್ತೈದು ಅಂತ ಬರೆದ ಪೊಟ್ಟಣಕ್ಕೆ ನಾನು ತುಂಬೋದಿಲ್ಲ. ನೂರಕ್ಕೆ ಇಪ್ಪತ್ತೂ ಹುಟ್ಟೋದಿಲ್ಲ. ಎರಡು ವಾರ ಕಾಯು. ಅಷ್ಟೇ ಕೇಳ್ತಿರೋದು."

"ಎರಡು ವಾರ ಕಾದರೆ ಕ್ರಿಸ್‌ಮಸ್ ಸಂತೆಗೆ ಮಾಲು ತಲುಪುವುದಿಲ್ಲ. ಪ್ರಫುಲ್ಲಾ, ನಿನ್ನನ್ನು ಇಟ್ಟುಕೊಂಡದ್ದು ಪೊಟ್ಟಣ ತುಂಬುವುದಕ್ಕೆ, ಪಾಠ ಹೇಳುವುದಕ್ಕಲ್ಲ."

"ಹಾಗಾದರೆ ತುಂಬೋದಿಲ್ಲ."

ಯೋರಾನ್ ತಿರುಗಿ ತನ್ನ ಕೋಣೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆ ಕೈಗೆ ಬಂತು. ಎರಡು ವಾರದ ನೋಟಿಸು.

ಸಂಜೆ ಊಟಕ್ಕೆ ಕೂತಾಗ ಅವಳು ಆ ಹಾಳೆಯನ್ನು ಸಾರಿನ ಪಾತ್ರೆಯ ಪಕ್ಕದಲ್ಲಿಟ್ಟಳು. ವೆಂಕಟೇಶ ಓದಿದ, ತಲೆ ಹಿಡಿದುಕೊಂಡ.

"ಒಂದೇ ಒಂದ್ ತಿಂಗಳಿತ್ತಲ್ಲೇ ಪರ್ಮನೆಂಟ್ ಆಗೋಕೆ! ಇಲ್ಲೇ ಉಳಿಯೋಕೆ ಹಾಕಿರೋ ನಮ್ಮ ಪಿಆರ್ ಅಪ್ಲಿಕೇಶನ್ ಬೇರೆ ಪೆಂಡಿಂಗ್ ಇದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಾರ್ದಿತ್ತಾ? ಬೀಜ ತಾನೆ? ಯಾರ ಪ್ರಾಣ ಹೋಗುತ್ತೆ?"

ಬೆಂಗಳೂರಿನವನನ್ನು ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಪ್ರಫುಲ್ಲಾಳ ಮಾತಿನ ಅಂಚು ಸವೆದುಹೋಗಿತ್ತು. ಸಿಟ್ಟು ಬಂದರೆ ಮಾತ್ರ ಊರ ಮಾತು ಹೊರಗೆ ಬರುತ್ತಿತ್ತು.

"ಅಲ್ರೀ, ನೀವು ಬರದ ಪ್ರೋಗ್ರಾಮು ಅರ್ಧ ಕೆಲಸಾ ಮಾಡ್ತದ ಅಂತ ಗೊತ್ತಿದ್ದೂ ಪೂರ್ತಿ ಆಗೇತಿ ಅಂತ ಸೈ ಹಾಕ್ತೀರೇನು? ನಾ ಒಮ್ಮೆ ಹಾಕೀನಿ. ಇನ್ನೊಮ್ಮೆ ಹಾಕಂಗಿಲ್ಲ. ಅವ ನೋಟೀಸರ ಕೊಡ್ಲಿ, ಪೊಲೀಸರನ್ನರ ಕರಸ್ಲಿ."

ಹದಿನೈದು ವರ್ಷದ ಮಗಳು ನೈನಾ ಅನ್ನ ಕಲಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಕನ್ನಡ ಕೇಳಿದರೂ ಉತ್ತರ ಕೊಡುವುದು ಹೆಚ್ಚಾಗಿ ಸ್ವೀಡಿಷ್‌ನಲ್ಲಿ. "ಮಮ್ಮಾ, ಡೆಟ್ ಎರ್ ಯು ಫುಸ್ಕ್," ಎಂದಳು.

"ಹಂಗಂದ್ರ?"

"ಫುಸ್ಕ್. ಚೀಟಿಂಗ್. ಪರೀಕ್ಷೇಲಿ ಕಾಪಿ ಹೊಡೆಯೋದು, ಅದೇ. ಇಲ್ಲಿ ಯಾರಿಗಾದ್ರೂ ಆ ವರ್ಡ್ ಅಂದ್ರೆ ತುಂಬಾ ಬೇಜಾರಾಗುತ್ತೆ."

ಪ್ರಫುಲ್ಲಾ ಆ ಪದವನ್ನು ಎರಡು ಸಲ ಹೇಳಿಕೊಂಡಳು.

ಮರುದಿನ ಅವಳು ಎಂದಿನಂತೆ ಏಳು ಗಂಟೆಗೆ ಕೆಲಸಕ್ಕೆ ಹೋದಳು. ಹಸಿರು ಕಾಯಿಯ ಕ್ರೇಟುಗಳನ್ನು ಯೋರಾನ್ ತಾನೇ ಬಿಡಿಸಲು ಕೂತಿದ್ದ. ಗುನ್ನೆಲ್‌ಳನ್ನು ಕರೆದರೆ ಅವಳು ಭುಜ ನೋವೆಂದಳು. ಅವಳಿಗೆ ಭುಜ ನೋವಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಪ್ರಫುಲ್ಲಾಳ ಲೆಕ್ಕ ಸರಳವಾಗಿತ್ತು. ಮೆಣಸಿನ ಮೊಳಕೆ ಪರೀಕ್ಷೆಗೆ ಬೇಕಾದದ್ದು ಹದಿನಾಲ್ಕು ದಿನ. ನೋಟಿಸಿನ ಅವಧಿಯೂ ಹದಿನಾಲ್ಕು ದಿನ. ಮನೆಯಿಂದ ಐಸ್‌ಕ್ರೀಮಿನ ಒಂಬತ್ತು ಖಾಲಿ ಡಬ್ಬಗಳನ್ನು ತಂದಿದ್ದಳು. ಮೂರು ಜಾತಿ, ಒಂದೊಂದರಲ್ಲಿ ಕೆಂಪು, ಬಣ್ಣ ತಿರುಗಿದ್ದು, ಹಸಿರು. ಡಬ್ಬಕ್ಕೊಂದು ಒದ್ದೆ ಕಾಗದ, ಕಾಗದದ ಮೇಲೆ ಐವತ್ತು ಬೀಜ. ಒಂಬತ್ತನ್ನೂ ಫಿಕಾ ಎಂಬ ಕಾಫಿ ವಿರಾಮದ ಕೋಣೆಯ ಬಿಸಿಗಾಳಿ ಬರುವ ಕಪಾಟಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಸಾಲಾಗಿ ಇಟ್ಟಳು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಲೆಕ್ಕ ಬರೆಯಲು ಚೌಕಗಳನ್ನು ಎಳೆದಳು. ದಿನಾ ಒಂಬತ್ತೂವರೆಗೆ ಎಲ್ಲರೂ ಕಾಫಿ ಕುಡಿಯಲು ಸೇರುವ ಕೋಣೆ ಅದು. ಸಾಮಾನು ಇಳಿಸುವ ಡ್ರೈವರುಗಳಿಂದ ಹಿಡಿದು ಲೆಕ್ಕ ಬರೆಯುವ ಹೆಂಗಸಿನವರೆಗೆ ಏಳೆಂಟು ಜನ.

"ಇದೇನಿದು?" ಎಂದ ಯೋರಾನ್.

"ನೂರಕ್ಕೆ ಎಷ್ಟು ಅಂತ ಎಣಿಸ್ತಿದೀನಿ. ನಿನ್ನ ಬೀಜವೇ. ನಿನ್ನ ಮುಂದೆಯೇ."

"ತೆಗಿ ಅಂದರೆ?"

"ತೆಗೆಯುತ್ತೇನೆ. ಆಮೇಲೆ ಯಾರಾದರೂ ಯಾಕೆ ತೆಗೆದೆ ಅಂತ ಕೇಳಿದರೆ, ನೀನು ಹೇಳು."

ಕಾಫಿ ಮಗ್ಗುಗಳ ಹಿಂದೆ ಏಳೆಂಟು ಮುಖಗಳು ಅವನನ್ನೇ ನೋಡುತ್ತಿದ್ದವು. ಅವನು ಬಿಸ್ಕತ್ತು ತೆಗೆದುಕೊಂಡು ಹೊರಗೆ ಹೋದ.

ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಕೆಂಪು ಕಡ್ಡಿಯ ಡಬ್ಬದಲ್ಲಿ ಬಿಳೀ ಬೇರು ಮೂಗು ತೂರಿಸಿತು. ಅಲ್ಲಿಂದ ಮುಂದೆ ಫಿಕಾ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ಡ್ರೈವರುಗಳು ಬಂದ ಕೂಡಲೇ ಮುಚ್ಚಳ ಎತ್ತಿ ನೋಡುತ್ತಿದ್ದರು. ಪ್ರಫುಲ್ಲಾ ಒಂದೊಂದಾಗಿ ಎಣಿಸುವುದು, ಗುನ್ನೆಲ್ ಹಾಳೆಯ ಮೇಲೆ ಬರೆಯುವುದು. ಹತ್ತನೇ ದಿನಕ್ಕೆ ಕೆಂಪು ಡಬ್ಬಗಳಲ್ಲಿ ಹಸಿರೆಲೆ ತಲೆಯೆತ್ತಿತ್ತು. ಲಾಟೀನಿನ ಹಸಿರು ಕಾಯಿಯ ಡಬ್ಬದಲ್ಲಿ ಬೀಜಗಳು ಕಪ್ಪಗಾಗಿ ಬೂಷ್ಟು ಹಿಡಿದು ಕೂತಿದ್ದವು.

ಆದರೆ ಹನ್ನೊಂದನೇ ದಿನ ಪ್ರಫುಲ್ಲಾ ಒಂದು ಡಬ್ಬದ ಮುಂದೆ ತುಂಬಾ ಹೊತ್ತು ನಿಂತುಬಿಟ್ಟಳು. ಹಸಿರು ಕಡ್ಡಿ. ನೂರಕ್ಕೆ ಇಪ್ಪತ್ತೂ ಹುಟ್ಟುವುದಿಲ್ಲ ಎಂದು ಯೋರಾನನ ಮುಖಕ್ಕೆ ಹೇಳಿದ್ದಳು. ಐವತ್ತರಲ್ಲಿ ಆಗಲೇ ಇಪ್ಪತ್ತೆರಡು ಮೊಳೆತಿದ್ದವು. ಅವಳು ಎರಡು ಸಲ ಎಣಿಸಿದಳು. ಇಪ್ಪತ್ತೆರಡೇ. ಆ ಕಾಯಿಗಳು ಹಸಿರಾಗಿ ಕಂಡರೂ ಒಳಗೆ ಬಲಿತಿರಬೇಕು. ಅವಸರದ ಜಾತಿ ಬಣ್ಣಕ್ಕಿಂತ ಮೊದಲೇ ಬೀಜವನ್ನು ಸಿದ್ಧಮಾಡಿಕೊಂಡಿತ್ತು. ರಾಣೆಬೆನ್ನೂರಿನ ಜಾತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಯ ಜಾತಿಗೆ ತೀರ್ಪು ಕೊಟ್ಟಿದ್ದಳು.

ಗುನ್ನೆಲ್ ಪೆನ್ನು ಹಿಡಿದು ಕಾಯುತ್ತಿದ್ದಳು. "ಎಷ್ಟು ಬರೀಲಿ?" ಎಂದು ಮೆಲ್ಲಗೆ ಕೇಳಿದಳು.

"ಇಪ್ಪತ್ತೆರಡು ಬರಿ. ದೊಡ್ಡದಾಗಿ ಬರಿ."

ಹದಿನಾಲ್ಕನೇ ದಿನ ಅವಳ ಕೆಲಸದ ಕೊನೆಯ ದಿನ. ಒಂಬತ್ತೂವರೆಗೆ ಹಾಳೆ ತುಂಬಿತು. ಕೆಂಪು ಹಣ್ಣಿನಿಂದ ಕಡ್ಡಿ ನಲವತ್ತೇಳು, ಡಬ್ಬಿ ನಲವತ್ತೈದು, ಲಾಟೀನು ನಲವತ್ಮೂರು. ಬಣ್ಣ ತಿರುಗಿದ ಕಾಯಿಯಿಂದ ನಲವತ್ನಾಲ್ಕು, ಮೂವತ್ತೊಂಬತ್ತು, ಇಪ್ಪತ್ನಾಲ್ಕು. ಹಸಿರಿನಿಂದ ಇಪ್ಪತ್ತೇಳು, ಹನ್ನೊಂದು, ಮೂರು.

ಯೋರಾನ್ ಹಾಳೆಯ ಮುಂದೆ ನಿಂತು ಓದಿದ. ಇಪ್ಪತ್ತೇಳರ ಮೇಲೆ ಬೆರಳಿಟ್ಟ.

"ಇಪ್ಪತ್ತೂ ಹುಟ್ಟುವುದಿಲ್ಲ ಅಂದಿದ್ದೆ. ನೂರಕ್ಕೆ ಐವತ್ನಾಲ್ಕು ಹುಟ್ಟಿದೆಯಲ್ಲ?"

"ಹೌದು. ಕಡ್ಡಿಯ ವಿಷಯದಲ್ಲಿ ನಾನು ತಪ್ಪಿದೆ. ಅದಕ್ಕೇ ಎಣಿಸಬೇಕು ಅಂದದ್ದು. ಈಗ ಈ ಇಪ್ಪತ್ತೇಳನ್ನ ಆ ನಲವತ್ತೇಳರ ಪಕ್ಕ ಇಟ್ಟು ನೋಡು."

ಅವಳು ಎರಡು ಡಬ್ಬಗಳನ್ನೂ ಮೇಜಿನ ಮೇಲೆ ಜೋಡಿಸಿದಳು. ಕೆಂಪಿನ ಮೊಳಕೆಗಳು ಹೆಬ್ಬೆರಳುದ್ದ ಬೇರು ಬಿಟ್ಟು ಎರಡೆಲೆ ಅಗಲಿಸಿದ್ದವು. ಹಸಿರಿನವು ಅದರ ಅರ್ಧವೂ ಇರಲಿಲ್ಲ. ಬಹಳಷ್ಟರ ತಲೆಗೆ ಸಿಪ್ಪೆ ಟೋಪಿಯ ಹಾಗೆ ಅಂಟಿಕೊಂಡೇ ಇತ್ತು. ಡ್ರೈವರೊಬ್ಬ "ಪಾಪ" ಎಂದ, ಮಗುವನ್ನು ನೋಡಿದವನ ಹಾಗೆ.

ಯೋರಾನ್ ಅವಳನ್ನು ತನ್ನ ಕೋಣೆಗೆ ಕರೆದ. ದನಿ ತಗ್ಗಿತ್ತು.

"ಕೇಳು. ಲಾಟೀನಿನ ಹಸಿರು ಬಿಡೋಣ, ಡಬ್ಬಿಯದೂ ಬಿಡೋಣ. ಕಡ್ಡಿಯ ಹಸಿರು ಬೀಜವನ್ನು ಕೆಂಪಿನ ಜೊತೆ ಬೆರೆಸಿದರೆ ನೂರಕ್ಕೆ ಎಪ್ಪತ್ನಾಲ್ಕು ಬರುತ್ತದೆ. ಎಂಬತ್ತೈದಕ್ಕೂ ಅದಕ್ಕೂ ಎಷ್ಟು ದೂರ? ಯಾರು ಎಣಿಸುತ್ತಾರೆ? ನೀನು ಅದನ್ನು ತುಂಬು. ನೋಟಿಸು ಹರಿದುಹಾಕುತ್ತೇನೆ. ಸೋಮವಾರದಿಂದ ಖಾಯಂ."

ಪ್ರಫುಲ್ಲಾ ಕಿಟಕಿಯಾಚೆ ನೋಡಿದಳು. ಬಿಲ್ಲಿಂಗೆನ್ ಗುಡ್ಡದ ಮೇಲೆ ಮೊದಲ ಹಿಮ ತೆಳ್ಳಗೆ ಬಿದ್ದಿತ್ತು. ವೆಂಕಟೇಶನ ಮುಖ ಒಂದು ಗಳಿಗೆ ಕಣ್ಣ ಮುಂದೆ ಬಂದದ್ದು ನಿಜ. ಖಾಯಂ ಎಂಬ ಮಾತಿಗಾಗಿ ಆ ಮನೆಯಲ್ಲಿ ಮೂರು ವರ್ಷ ಕಾದಿದ್ದರು.

"ಪೊಟ್ಟಣದಲ್ಲಿ ಹತ್ತೇ ಬೀಜ ಇರ್ತಾವೆ, ಯೋರಾನ್. ಹತ್ತು ಬಿತ್ತಿದವರು ಎಲ್ಲರೂ ಎಣಿಸ್ತಾರೆ. ಹುಟ್ಟದಿದ್ದರೆ ಬೀಜಾನ ಬೈಯಲ್ಲ, ನಮ್ಮ ಕೈ ಸರಿಯಿಲ್ಲ ಅಂತ ಅಂದ್ಕೋತಾರೆ. ಎಪ್ಪತ್ನಾಲ್ಕು ಅಂತ ಬರಿ, ಈಗಲೇ ಕೂತು ತುಂಬ್ತೀನಿ. ಎಂಬತ್ತೈದು ಅಂತ ಬರೆದದ್ದಕ್ಕೆ ತುಂಬಿದರೆ, ಅದಕ್ಕೆ ನಿಮ್ಮ ಭಾಷೆಯಲ್ಲಿ ಒಂದು ಪದ ಇದೆ. ಫುಸ್ಕ್."

ಅವನ ಕಿವಿ ಕೆಂಪಾಯಿತು. "ಹೋಗು," ಎಂದ.

ಅವಳು ಹೋಗಲಿಲ್ಲ. "ಲಾಟೀನಿನ ನಾಲ್ಕು ಕ್ರೇಟು ಇನ್ನೂ ಬಿಡಿಸದೆ ಉಳಿದಿದೆ. ಅದನ್ನೇನು ಮಾಡ್ತೀ?"

"ಗೊಬ್ಬರಕ್ಕೆ."

"ನನಗೆ ಕೊಡು. ಮೊಳೆತ ಕಡ್ಡಿಯ ಸಸಿಗಳನ್ನೂ ಕೊಡು. ಹೇಗೂ ಚೆಲ್ಲುತ್ತೀಯ."

"ಕಸ ತಾನೆ. ತೆಗೆದುಕೊಂಡು ಹೋಗು."

ಆ ಮಾತನ್ನು ಬಾಗಿಲಲ್ಲಿ ನಿಂತಿದ್ದ ಗುನ್ನೆಲ್ ಕೇಳಿಸಿಕೊಂಡಳು. ಸಂಜೆ ತನ್ನ ಹಳೇ ಕಾರಿನ ಹಿಂದಿನ ಸೀಟು ಮಡಚಿ, ಕ್ರೇಟುಗಳನ್ನು ತಾನೇ ಎತ್ತಿ ಇಟ್ಟಳು. ಭುಜ ನೋವಿನ ಸುದ್ದಿಯಿಲ್ಲ. ದಾರಿಯಲ್ಲಿ, "ಮೂವತ್ತು ವರ್ಷದಲ್ಲಿ ಅವನಿಗೆ ಇಲ್ಲ ಅಂದವರನ್ನ ನಾನು ನೋಡಿರಲಿಲ್ಲ," ಎಂದಳು. 

ವೆಂಕಟೇಶ ಲಿಫ್ಟಿನಿಂದ ಕ್ರೇಟು ಇಳಿಸಿಕೊಳ್ಳುತ್ತಾ ಏಳು ಸಲ ಸೀನಿದ. "ಕೆಲಸ ಹೋಯ್ತು, ಮೆಣಸಿನಕಾಯಿ ಬಂತು," ಎಂದ. ಆದರೆ ಬಚ್ಚಲುಮನೆಯ ನೆಲದಡಿಯ ಹೀಟರನ್ನು ಹೆಚ್ಚಿಗೆ ಇಟ್ಟವನೂ ಅವನೇ. ಇದ್ದ ಬೆಚ್ಚಗಿನ ಜಾಗ ಅದೊಂದೇ. ಎರಡು ವಾರ ಆ ಮನೆಯವರು ಕ್ರೇಟುಗಳ ನಡುವೆ ಕಾಲಿಟ್ಟು ಸ್ನಾನ ಮಾಡಿದರು. ನೈನಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಲ್ಲುಜ್ಜಿದಳು. ಕೆಲವು ಕಾಯಿ ಕೊಳೆತವು, ಕೆಲವು ಮುದುಡಿದವು. ಉಳಿದವು ದಿನಕ್ಕೊಂದಿಷ್ಟು ಹಳದಿಗೆ, ಹಳದಿಯಿಂದ ಕಿತ್ತಳೆಗೆ ತಿರುಗುತ್ತಾ ಬಂದವು. ಒಂದು ಶನಿವಾರ ಬಾಗಿಲು ತೆಗೆದ ವೆಂಕಟೇಶ "ಲೇ, ಬಾ ಇಲ್ಲಿ, ನೋಡು ಬಾ!" ಎಂದು ಕೂಗಿದ. ನಾಲ್ಕೂ ಕ್ರೇಟು ದೀಪ ಹಚ್ಚಿದ ಹಾಗಿದ್ದವು.

ಆ ಬೀಜವನ್ನು ಒಣಗಿಸಿ ಮತ್ತೆ ಐವತ್ತು ಎಣಿಸಿ ಒದ್ದೆ ಕಾಗದದ ಮೇಲಿಟ್ಟಳು. ಹಸಿರಾಗಿ ಬಿಡಿಸಿದಾಗ ಮೂರೇ ಹುಟ್ಟಿದ್ದ ಜಾತಿಯಲ್ಲಿ ಮೂವತ್ತಾರು ಹುಟ್ಟಿತು.

ಕಡ್ಡಿಯ ಸಸಿಗಳನ್ನು ಎರಡು ಟ್ರೇಗಳಲ್ಲಿ ನೆಟ್ಟಳು: ಕೆಂಪಿನವು ಇಪ್ಪತ್ತೇಳು, ಹಸಿರಿನವು ಇಪ್ಪತ್ತೇಳು. ಡಿಸೆಂಬರಿನ ಕತ್ತಲಿಗೆ ನೈನಾಳ ಓದುವ ದೀಪ ಅವುಗಳ ಪಾಲಾಯಿತು. ವಾರಕ್ಕೊಮ್ಮೆ ಅಳೆದು ಬರೆದಳು. ಕೆಲಸಕ್ಕೆ ಅರ್ಜಿ ಹಾಕುವುದೂ, ಇಲ್ಲವೆಂಬ ಉತ್ತರ ಬರುವುದೂ ನಡೆದೇ ಇತ್ತು. ಒಂದೆರಡು ಸಲ, ಯಾರೂ ಇಲ್ಲದ ಮಧ್ಯಾಹ್ನ, ಟ್ರೇಗಳ ಮುಂದೆ ಕೂತು ಕಣ್ಣೀರು ಹಾಕಿದ್ದೂ ಉಂಟು. ಆಮೇಲೆ ಮುಖ ತೊಳೆದು ಅಳತೆಪಟ್ಟಿ ಹಿಡಿಯುತ್ತಿದ್ದಳು.

ಜನವರಿಯಲ್ಲಿ ಊರಿನ ಗ್ರಂಥಾಲಯದಲ್ಲಿ ಬೀಜ ಬದಲಾಯಿಸಿಕೊಳ್ಳುವ ಕಪಾಟು ಇಟ್ಟಿದ್ದಾರೆಂದು ಗುನ್ನೆಲ್ ಹೇಳಿದಳು. ಯಾರು ಬೇಕಾದರೂ ಬೀಜ ಇಡಬಹುದು, ಒಯ್ಯಬಹುದು. ಪ್ರಫುಲ್ಲಾ ಲಾಟೀನಿನ ಬೀಜವನ್ನು ಹತ್ತತ್ತರಂತೆ ಕಾಗದದಲ್ಲಿ ಮಡಚಿ ಇಟ್ಟು ಬಂದಳು. ಒಂದೊಂದರ ಮೇಲೂ ಕೈಯಲ್ಲೇ ಬರೆದಿದ್ದಳು: ಹಸಿರಾಗಿ ಕೊಯ್ದು, ಮನೆಯಲ್ಲಿ ಹಣ್ಣು ಮಾಡಿದ ಕಾಯಿಯ ಬೀಜ. ಐವತ್ತರಲ್ಲಿ ಮೂವತ್ತಾರು ಮೊಳೆತಿವೆ. ಹತ್ತರಲ್ಲಿ ಮೂರು ಹುಟ್ಟದಿದ್ದರೆ ನಿಮ್ಮ ತಪ್ಪಲ್ಲ. ಕೆಳಗೆ ತನ್ನ ಪೂರ್ತಿ ಹೆಸರಿನ ಸಹಿ.

ವಾರದಲ್ಲಿ ಕಪಾಟು ಖಾಲಿಯಾಯಿತು. ಗ್ರಂಥಾಲಯದವರು ಫೋನು ಮಾಡಿದರು. ಈ ಚೀಟಿ ಬರೆದವರು ಬಂದು ಮಾತಾಡಬೇಕೆಂದು ಜನ ಕೇಳುತ್ತಿದ್ದಾರೆ, ಫೆಬ್ರವರಿಯ ಒಂದು ಶನಿವಾರ ಆಗಬಹುದೇ?

"ನನ್ನ ಸ್ವೀಡಿಷ್ ಅಷ್ಟು ಚೆನ್ನಾಗಿಲ್ಲ," ಎಂದಳು.

"ಚೀಟಿ ನಮಗೆಲ್ಲ ಅರ್ಥವಾಯಿತಲ್ಲ," ಎಂದರು ಅವರು.

ಆ ಶನಿವಾರ ನಲವತ್ತು ಜನ ಬಂದಿದ್ದರು. ವೆಂಕಟೇಶ ಮತ್ತು ನೈನಾ ಮುಂದಿನ ಸಾಲಿನಲ್ಲಿ, ಗುನ್ನೆಲ್ ಕಿಟಕಿಯ ಪಕ್ಕ. ಮೇಜಿನ ಮೇಲೆ ಎರಡು ಟ್ರೇ ಸಸಿ, ಪಕ್ಕದಲ್ಲಿ ಅಂಗಡಿಯಿಂದ ತಂದ ಮೂರು ಬಗೆಯ ಮೆಣಸಿನಕಾಯಿ, ಒಂದು ಚಾಕು. ಪ್ರಫುಲ್ಲಾ ಮೊದಲ ಕಾಯಿ ಸೀಳುವಾಗ ಬಾಗಿಲು ತೆರೆಯಿತು. ಯೋರಾನ್ ಬಂದು ಹಿಂದಿನ ಗೋಡೆಗೊರಗಿ ಕೈಕಟ್ಟಿ ನಿಂತ. ಅವನು ಬೆರೆಸಿದ ಬೀಜವನ್ನೇ ಮಾರಿದ್ದ; ಪೊಟ್ಟಣದ ಬೆನ್ನ ಮೇಲಿನ ಎಂಬತ್ತೈದು ಹಾಗೇ ಇತ್ತು. ಕೂತಿದ್ದವರಲ್ಲಿ ನಾಲ್ಕೈದು ಜನರ ಚೀಲದಲ್ಲಿ ಆ ಪೊಟ್ಟಣಗಳಿದ್ದವು.

ಪ್ರಫುಲ್ಲಾ ಅವನನ್ನು ಕಂಡಳು. ಆಮೇಲೆ ಚಾಕು ಮುಂದಕ್ಕೆ ಹೋಯಿತು.

ಒಬ್ಬ ಅಜ್ಜಿ ಪೊಟ್ಟಣ ಎತ್ತಿ ತೋರಿಸಿದಳು. "ಹತ್ತು ಬಿತ್ತಿದೆ, ಆರು ಬಂತು. ಅದರಲ್ಲೂ ಎರಡು ಸೊರಗಿ ಕೂತಿವೆ. ನನ್ನ ಕಿಟಕಿ ತಣ್ಣಗಿದೆಯೇನೋ."

"ನಿಮ್ಮ ಕಿಟಕಿ ಸರಿಯಿದೆ," ಎಂದಳು ಪ್ರಫುಲ್ಲಾ. "ಹೀಗಾಗಿದೆ ಅಂತ ಮಾರಿದವರಿಗೆ ಬರೆಯಿರಿ. ಅವರ ವಿಳಾಸ ಪೊಟ್ಟಣದ ಮೇಲೆಯೇ ಇದೆ."

ಜನ ತಿರುಗಿ ನೋಡಲಿಲ್ಲ; ಮಾರಿದವನು ಹಿಂದೆಯೇ ನಿಂತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಗುನ್ನೆಲ್ ಮಾತ್ರ ತಿರುಗಿ ನೋಡಿದಳು.

ಯೋರಾನ್ ಗಂಟಲು ಸರಿಮಾಡಿಕೊಂಡ. "ಒಂದು ಪ್ರಶ್ನೆ. ಈ ಸಣ್ಣ ಜಾತಿಯ ಹಸಿರು ಕಾಯಿಯ ಬೀಜ ಅರ್ಧಕ್ಕಿಂತ ಹೆಚ್ಚು ಮೊಳೆಯಿತು ಅಂತ ಕೇಳಿದ್ದೇನೆ. ಹೌದೋ ಅಲ್ಲವೋ?"

"ಹೌದು. ಐವತ್ತರಲ್ಲಿ ಇಪ್ಪತ್ತೇಳು. ನೂರಕ್ಕೆ ಇಪ್ಪತ್ತೂ ಬರೋದಿಲ್ಲ ಅಂತ ನಾನು ಹೇಳಿದ್ದೆ, ಅದು ತಪ್ಪು." ಅವಳು ಎರಡು ಟ್ರೇಗಳನ್ನೂ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಒಂದರಲ್ಲಿ ಗೇಣುದ್ದದ ಗಿಡಗಳು ಒತ್ತೊತ್ತಾಗಿದ್ದವು. ಇನ್ನೊಂದರಲ್ಲಿ ಅಲ್ಲಲ್ಲಿ ಖಾಲಿ ಗುಳಿ, ನಡುವೆ ಅರ್ಧ ಎತ್ತರದ ಬಡಕಲು ಸಸಿಗಳು. "ಆ ಇಪ್ಪತ್ತೇಳನ್ನೂ ನಾನೇ ಬೆಳೆಸಿದೆ. ಒಂದೇ ಮಣ್ಣು, ಒಂದೇ ದೀಪ, ಒಂದೇ ನೀರು. ಹಣ್ಣಿನ ಬೀಜದ ಇಪ್ಪತ್ತೇಳರಲ್ಲಿ ಇಪ್ಪತ್ತಾರು ಉಳಿದಿವೆ. ಹಸಿರು ಕಾಯಿಯ ಬೀಜದ್ದು ಹದಿನಾರು. ಮೊಳೆಯೋದು ಬೇರೆ, ಬಾಳೋದು ಬೇರೆ. ವಾರವಾರದ ಅಳತೆ ಈ ಪುಸ್ತಕದಲ್ಲಿದೆ. ಬೇಕಾದರೆ ಬಂದು ನೋಡಬಹುದು."

ಅವನು ಬರುವುದಿಲ್ಲವೆಂದು ಅವಳಿಗನಿಸಿತ್ತು. ಬಂದ. ನಲವತ್ತು ಜನರ ನಡುವಿನಿಂದ ನಡೆದು ಬಂದು, ಕನ್ನಡಕ ಹಾಕಿಕೊಂಡು, ನಿಂತಲ್ಲೇ ನಾಲ್ಕು ಪುಟ ಓದಿದ. ಕ್ಷಮಿಸು ಅನ್ನಲಿಲ್ಲ. ಸಸಿಯೊಂದರ ಎಲೆಯನ್ನು ಬೆರಳಿನಿಂದ ಎತ್ತಿ ನೋಡಿ, ಹಿಂದಿರುಗಿ ಹೋಗಿ ಈ ಸಲ ಖಾಲಿ ಕುರ್ಚಿಯಲ್ಲಿ ಕೂತ.

ಅಲ್ಲಿಗೆ ಬಂದಿದ್ದವರಲ್ಲಿ ವಯಸ್ಕರ ಶಾಲೆಯಲ್ಲಿ ತೋಟಗಾರಿಕೆ ಕಲಿಸುವ ಒಬ್ಬಾಕೆಯಿದ್ದಳು. ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ಬಂದು ಪ್ರಯೋಗ ಮಾಡಿಸಲು ಆಗುತ್ತದೆಯೇ ಎಂದು ಆಕೆ ಕೊನೆಯಲ್ಲಿ ಕೇಳಿದಳು, ಪ್ರಫುಲ್ಲಾ ಒಪ್ಪಿಕೊಂಡಳು. ಆದರೆ ಅದು ಆಮೇಲಿನ ಮಾತು. ಆಗ ಇನ್ನೂ ಅರ್ಧ ಗಂಟೆ ಬಾಕಿ ಇತ್ತು, ಮೇಜಿನ ಮೇಲೆ ಎರಡು ಕಾಯಿ ಉಳಿದಿದ್ದವು, ಮುಂದಿನ ಸಾಲಿನಲ್ಲಿ ವೆಂಕಟೇಶನಿಗೆ ಆಗಲೇ ಸೀನು ಶುರುವಾಗಿತ್ತು. ಪ್ರಫುಲ್ಲಾ ಸುಕ್ಕು ಸುಕ್ಕಾದ ಲಾಟೀನನ್ನು ಕೈಗೆತ್ತಿಕೊಂಡು, "ಇದು ಸೋಮಾರಿ ಜಾತಿ, ಇದರ ಜೊತೆ ಅವಸರ ಮಾಡಬೇಡಿ," ಎನ್ನುತ್ತಾ ಉದ್ದಕ್ಕೆ ಸೀಳಿದಳು.